ಎತ್ತಿಗೆ ಜ್ವರ, ನನ್ನ ಕೈಗೆ ಬರೆ

ಒಂದೇ ಬುಟ್ಟಿಯ ಎರಡು ಚೆಂಡು. ಗಾಲ್ಫ್ ಕ್ಲಬ್ಬೂ (ಚೆಂಡು ಹೊಡೆಯುವ ಕೋಲು) ಒಂದೇ, ಸೆವೆನ್ ಐರನ್. ನಡುವೆ ಹೆಚ್ಚೆಂದರೆ ಅರ್ಧ ನಿಮಿಷ. ಮೊದಲನೆಯದು ಬಲಕ್ಕೆ ಬಾಗುತ್ತಾ ಹೋಗಿ ಅಭ್ಯಾಸದ ರೇಂಜಿನ ಬಲೆಗೆ ಬಿತ್ತು. ಎರಡನೆಯದು ಎಡಕ್ಕೆ ತಿರುಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನೆಲಕ್ಕೆ ಇಳಿದು ಓಡಿತು. ಎರಡೂ ಸಲ ನನ್ನ ಮೈಗೆ ಅನ್ನಿಸಿದ್ದು ಒಂದೇ. ಎರಡೂ ಒಂದೇ ಸ್ವಿಂಗ್ ಅಂತ ಬೇಕಾದರೆ ಆಣೆ ಇಟ್ಟು ಹೇಳುತ್ತಿದ್ದೆ.

ಗಾಲ್ಫ್ ಆಡುವವರಲ್ಲಿ ಎರಡು ಬಗೆಯ ದುಃಖಿಗಳಿದ್ದಾರೆ. ಯಾವಾಗಲೂ ಬಲಕ್ಕೇ ಹೊಡೆಯುವವರು ಒಂದು ಬಗೆ. ಅವರನ್ನು ನೋಡಿ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅವರ ಕಷ್ಟ ಅಷ್ಟು ದೊಡ್ಡದಲ್ಲ. ಎಡಕ್ಕೆ ಗುರಿ ಇಟ್ಟರೆ ಚೆಂಡು ಬಾಗಿಕೊಂಡು ನಡುವೆ ಬಂದು ಬೀಳುತ್ತದೆ. ಎರಡೂ ಕಡೆ ಹೊಡೆಯುವವರು ಇನ್ನೊಂದು ಬಗೆ. ಅವರಿಗೆ ಗುರಿ ಇಡಲು ಜಾಗವೇ ಇಲ್ಲ. ಬಲಕ್ಕೆ ಕೆರೆ, ಎಡಕ್ಕೆ ಮರ ಇದ್ದರೆ ಎರಡೂ ಅವರದೇ. ಆರು ವರ್ಷ ನಾನು ಈ ಎರಡನೇ ಗುಂಪಿನಲ್ಲಿದ್ದೆ.

(ನಾನು ಬಲಗೈ ಆಟಗಾರ. ಎಡಗೈಯವರು ಓದುವಾಗ ಎಡ ಬಲ ಅದಲುಬದಲು ಮಾಡಿಕೊಳ್ಳಿ. ನಿಮಗೆ ಇದು ಅಭ್ಯಾಸವಾಗಿಯೇ ಇರುತ್ತದೆ, ಅಲ್ವಾ?)

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ನಿಮ್ಮ ಟೈಮಿಂಗ್ ಸರಿ ಇಲ್ಲ. ಗಾಲ್ಫಿನಲ್ಲಿ ಈ ಟೈಮಿಂಗ್ ಅನ್ನುವುದು ‘ಗ್ರಹಚಾರ’ ಅನ್ನುವ ಪದದ ಹಾಗೆ. ಏನಾಗಿದೆ ಅಂತ ಗೊತ್ತಾಗದಿದ್ದಾಗ ಹೇಳುವ ಮಾತು. ಕೇಳಿದವನಿಗೆ ಸಮಾಧಾನ, ಹೇಳಿದವನಿಗೂ ಸಮಾಧಾನ. ಕ್ಲಬ್ ಮಾತ್ರ ಹಾಗೇ ಇರುತ್ತದೆ.

ಕೊನೆಗೆ ಒಂದು ದಿನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡಿದೆ. ಸೆಕೆಂಡಿಗೆ 240 ಚಿತ್ರ. ಒಂದೊಂದಾಗಿ ಬೆರಳಲ್ಲಿ ತಳ್ಳುತ್ತಾ ಎಣಿಸಿದೆ. ಮೇಲಿಂದ ಚೆಂಡಿನವರೆಗೆ ಕ್ಲಬ್ ಇಳಿಯಲು ನನಗೆ 75 ಚಿತ್ರ ಬೇಕಾಗಿತ್ತು. ಅಂದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ವೃತ್ತಿಪರರಲ್ಲಿ ಇದು ಸುಮಾರು 0.25 ಸೆಕೆಂಡ್. ಅದಕ್ಕಿಂತ ಮಜಾ ಇದ್ದದ್ದು ಚೆಂಡಿನ ಹತ್ತಿರ. ಒಂದು ಚಿತ್ರದಲ್ಲಿ ಕ್ಲಬ್ ಚೆಂಡಿಗಿಂತ ಹಿಂದಿದೆ. ಮುಂದಿನ ಚಿತ್ರದಲ್ಲಿ ಚೆಂಡೇ ಇಲ್ಲ. ಕ್ಲಬ್ಬೂ ಚೆಂಡೂ ಮುಟ್ಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು. ಎರಡು ಚಿತ್ರಗಳ ಸಂದಿಯಲ್ಲಿ ಎಲ್ಲ ಮುಗಿದುಹೋಗಿತ್ತು. ಇಡೀ ಆಟ ನಡೆಯುವುದೇ ಆ ಸಂದಿಯಲ್ಲಿ.

ಆ ಸಂದಿಯಲ್ಲಿ ಕ್ಲಬ್ಬಿನ ಫೇಸ್, ಅಂದರೆ ಚೆಂಡಿಗೆ ತಾಗುವ ಚಪ್ಪಟೆ ಮುಖ, ಎತ್ತ ನೋಡುತ್ತಿದೆ ಅನ್ನುವುದೇ ಮುಖ್ಯ ಪ್ರಶ್ನೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಫೇಸ್. ಫೇಸ್ ನೋಡುವ ದಿಕ್ಕಿಗೂ ಕ್ಲಬ್ ಬೀಸುವ ದಾರಿಗೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಚೆಂಡು ಗಾಳಿಯಲ್ಲಿ ಬಾಗುತ್ತದೆ. ಹಳೆಯ ಪಾಠಗಳಲ್ಲಿ ಇದನ್ನು ತಿರುಗಾಮುರುಗಾ ಹೇಳಿಕೊಡುತ್ತಿದ್ದರು. ಬೀಸುವ ದಾರಿಯಲ್ಲೇ ಚೆಂಡು ಹೊರಡುತ್ತದೆ ಅಂತ. ರೇಡಾರ್ ಯಂತ್ರಗಳು ಬಂದು ಅಳೆದು ತೋರಿಸಿದ ಮೇಲೆ ಆ ಪಾಠ ಬದಲಾಯಿತು.

ಈಗ ತೊಂದರೆ ನೋಡಿ. ಫೇಸ್ ಸುಮ್ನೆ ಗುರಿಯ ಕಡೆ ನೇರ ನೋಡುತ್ತಾ ಬಂದು ಚೆಂಡಿಗೆ ತಾಗುವುದಿಲ್ಲ. ಅದು ತಿರುಗುತ್ತಾ ಬರುತ್ತದೆ. ಕೈಗಳಿಂದಲೇ ತಿರುಗಿಸುವ ಆಟಗಾರನಲ್ಲಿ ಆ ತಿರುಗುವ ವೇಗ ಸೆಕೆಂಡಿಗೆ ಎರಡು ಸಾವಿರ ಡಿಗ್ರಿಯನ್ನೂ ದಾಟುತ್ತದೆ. ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗ ಹೆಚ್ಚುಕಡಿಮೆಯಾದರೆ ಫೇಸ್ ಎರಡು ಡಿಗ್ರಿ ಆಚೀಚೆ. ಎರಡು ಡಿಗ್ರಿ ಏನು ಮಹಾ ಅನ್ನಬೇಡಿ. 200 ಗಜ ದೂರಕ್ಕೆ ಅದು 7 ಗಜ. ಮೇಲೆ ಬಾಗುವುದು ಬೇರೆ. ನನ್ನ ಫೋನ್ ಎರಡು ಚಿತ್ರಗಳ ನಡುವೆ ಕಳೆದುಕೊಳ್ಳುತ್ತಿದ್ದ ಹೊತ್ತೇ ಸಾವಿರದ ನಾಲ್ಕು ಭಾಗ. ಕ್ಯಾಮೆರಾಕ್ಕೂ ಸಿಗದ ಕ್ಷಣವನ್ನು ಕೈಯಿಂದ ಹಿಡಿಯಲು ಹೊರಟಿದ್ದೆ.

ಕಣ್ಣಿಗೆ ಕಂಡದ್ದಕ್ಕೆ ಕೈ ಓಗೊಡಲು ಮನುಷ್ಯನಿಗೆ ಹೆಚ್ಚುಕಡಿಮೆ 0.2 ಸೆಕೆಂಡ್ ಬೇಕು. ಡೌನ್‌ಸ್ವಿಂಗ್ ಇರುವುದೇ 0.25 ಅಥವಾ 0.3 ಸೆಕೆಂಡ್. ಇಳಿಯುವ ದಾರಿಯಲ್ಲಿ ‘ಅಯ್ಯೋ, ಫೇಸ್ ತೆರೆದುಕೊಂಡಿದೆ, ಬಲಕ್ಕೆ ನೋಡುತ್ತಿದೆ’ ಅಂತ ಮೈಗೆ ತಿಳಿದು, ಅದನ್ನು ಸರಿಮಾಡುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಈ ಲೆಕ್ಕ ಮೊದಲೇ ಗೊತ್ತಿದ್ದರೆ ನನ್ನ ಒಂದೆರಡು ವರ್ಷವಾದರೂ ಉಳಿಯುತ್ತಿತ್ತು.

ಆಗ ನಾನು ಹೋಗುತ್ತಿದ್ದ ಕೋಚ್ ಒಳ್ಳೆಯವರೇ. ನನ್ನ ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ನೋಡಿ, “ಮಣಿಕಟ್ಟು ತಿರುಗಿಸಿ, ಬಲಗೈ ಎಡಗೈ ಮೇಲೆ ಬರಬೇಕು” ಅಂದರು. ತಿರುಗಿಸಿದೆ. ಒಂದು ವಾರ ಸ್ವರ್ಗ. ಚೆಂಡು ನೇರ ಹೋಯಿತು, ಸ್ವಲ್ಪ ಎಡಕ್ಕೂ ಬಾಗಿತು. ದೊಡ್ಡವರ ಹಾಗೆ ಡ್ರಾ ಹೊಡೆಯುತ್ತಿದ್ದೇನೆ ಅಂದುಕೊಂಡೆ. ಎರಡನೇ ವಾರ ಹುಕ್ ಶುರುವಾಯಿತು, ಚೆಂಡು ಜೋರಾಗಿ ಎಡಕ್ಕೆ ಬಾಗತೊಡಗಿತು. “ಕೈ ಜಾಸ್ತಿ ಆಡುತ್ತಿದೆ, ಸ್ವಲ್ಪ ತಡೆದು ಹಿಡಿಯಿರಿ” ಅಂದರು. ತಡೆದೆ. ಸ್ಲೈಸ್ ವಾಪಸ್. ಹೀಗೆ ಎರಡು ವರ್ಷ ಉಯ್ಯಾಲೆ ಆಡಿದೆ.

ನಡುವೆ ಲ್ಯಾಗ್ ಅನ್ನುವ ಹುಚ್ಚು ಹಿಡಿಯಿತು. ದೊಡ್ಡ ಆಟಗಾರರ ಫೋಟೋ ನೋಡಿರುತ್ತೀರಿ. ಕೈ ಸೊಂಟದ ಮಟ್ಟಕ್ಕೆ ಇಳಿದಿದೆ, ಕ್ಲಬ್ ಇನ್ನೂ ಹೆಗಲ ಹತ್ತಿರವೇ ಇದೆ, ಮುಂಗೈಗೂ ಶಾಫ್ಟಿಗೂ (ಕ್ಲಬ್ಬಿನ ಉದ್ದನೆಯ ದಂಡ) ನಡುವೆ ಚೂಪಾದ ಕೋನ. ಎಷ್ಟು ಚೆಂದ ಅಂದರೆ ಗೋಡೆಗೆ ಹಾಕಿಕೊಳ್ಳಬೇಕು. ಆ ಕೋನವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಇಳಿಯಬೇಕು ಅಂತ ತಿಳಿದೆ. ಹಿಡಿದೆ. ಮುಂಗೈ ಕಲ್ಲಾಯಿತು. ಕ್ಲಬ್ ತಿರುಗಲೇ ಇಲ್ಲ. ಚೆಂಡು ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿ ಹೋಯಿತು. ಫೋಟೋ ತೋರಿಸುವುದು ಒಂದು ಕ್ಷಣ. ಅದು ಆ ಆಟಗಾರ ಹಿಡಿದಿಟ್ಟ ಕೋನವಲ್ಲ, ಅವನ ಮೈ ಮುಂದೆ ಹೋಗಿದ್ದರಿಂದ ತಾನಾಗಿ ಉಳಿದ ಕೋನ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬಹುಶಃ ಕೇಳುತ್ತಿರಲಿಲ್ಲ.

ಇಳಿಯುವಾಗ ಮಣಿಕಟ್ಟು ಬಿಚ್ಚಿಕೊಳ್ಳುವುದಕ್ಕೆ ರಿಲೀಸ್ ಅನ್ನುತ್ತಾರೆ. ಈ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಕನ್ನಡದಲ್ಲಿ ಮಾತಾಡುವಾಗಲೂ ರಿಲೀಸ್ ಅಂತಲೇ ಅನ್ನುತ್ತೇವೆ. ಆದರೆ ತಲೆಯೊಳಗೆ ಅದನ್ನು ‘ತಿರುಗಿಸು’ ಅಂತಲೋ ‘ಹೊಡೆ’ ಅಂತಲೋ ಮಾಡಿಕೊಂಡಿರುತ್ತೇವೆ. ಅದರ ನಿಜವಾದ ಅರ್ಥ ‘ಬಿಡು’. ಕವಣೆ ಬೀಸುವವನನ್ನು ನೆನೆಸಿಕೊಳ್ಳಿ. ಅವನು ಕಲ್ಲನ್ನು ಎಸೆಯುವುದಿಲ್ಲ. ಬೀಸುತ್ತಾನೆ, ಹಗ್ಗದ ಒಂದು ತುದಿ ಬಿಡುತ್ತಾನೆ. ಕಲ್ಲು ಹೋಗುತ್ತದೆ. ಬಿಡುವ ಹೊತ್ತಿಗೆ ಅವನ ಕೈ ಹೊಸದಾಗಿ ಏನನ್ನೂ ಮಾಡುತ್ತಿರುವುದಿಲ್ಲ. ಮಾಡಬೇಕಾದದ್ದೆಲ್ಲ ಬೀಸುವಾಗಲೇ ಮುಗಿದಿರುತ್ತದೆ. ಗಾಲ್ಫಿನಲ್ಲಿ ಬಿಡಬೇಕಾದದ್ದು ಕ್ಲಬ್ಬನ್ನಲ್ಲ ಬಿಡಿ. ಒಮ್ಮೆ ಅದನ್ನೂ ಬಿಟ್ಟಿದ್ದೇನೆ, ಪಕ್ಕದವರು ಇವತ್ತಿಗೂ ನನ್ನಿಂದ ದೂರ ನಿಲ್ಲುತ್ತಾರೆ. ಬಿಡಬೇಕಾದದ್ದು ಮಣಿಕಟ್ಟಿನ ಮಡಿಕೆಯನ್ನು.

1960ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಒಂದು ತಂಡ ಸ್ವಿಂಗನ್ನು ಎರಡು ಸನ್ನೆಕೋಲುಗಳ ಜೋಡಿ ಅಂತ ನೋಡಿತು. ಎದೆಯಿಂದ ಕೈವರೆಗೆ ಒಂದು, ಕೈಯಿಂದ ಕ್ಲಬ್ ತಲೆವರೆಗೆ ಇನ್ನೊಂದು, ನಡುವೆ ಮಣಿಕಟ್ಟು ಅನ್ನುವ ಕೀಲು. ಮೊದಲನೆಯದು ತಿರುಗಿದರೆ ಎರಡನೆಯದು ಹೊರಕ್ಕೆ ಎಳೆಯಲ್ಪಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಕೈಗಳ ವೇಗ ಇಳಿಯುತ್ತದೆ, ಕ್ಲಬ್ಬಿನ ವೇಗ ಏರುತ್ತದೆ. ಚಾಟಿಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಕೀಲನ್ನು ಮೇಲೆಯೇ ಬಲವಂತವಾಗಿ ಬಿಚ್ಚಿದರೆ ವೇಗವೆಲ್ಲ ಚೆಂಡಿಗೆ ಮೊದಲೇ ಖರ್ಚು. ಇದಕ್ಕೆ ಕಾಸ್ಟಿಂಗ್ ಅನ್ನುತ್ತಾರೆ, ಗಾಳ ಎಸೆಯುವ ಹಾಗೆ. ಬಿಗಿಹಿಡಿದರೆ ಬಿಚ್ಚಿಕೊಳ್ಳುವುದೇ ಇಲ್ಲ. ನಾನು ದಿನ ಬಿಟ್ಟು ದಿನ ಎರಡನ್ನೂ ಮಾಡುತ್ತಿದ್ದೆ.

ಬೇರೆ ಕೋಚ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ನಾನು ಐದು ಚೆಂಡು ಹೊಡೆಯುವುದನ್ನು ನೋಡಿದರು. ಮೂರು ಬಲಕ್ಕೆ, ಎರಡು ಎಡಕ್ಕೆ. ಏನೂ ಹೇಳಲಿಲ್ಲ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ತೆಗೆದು ತಲೆಕೆಳಗು ಮಾಡಿ ಕೊಟ್ಟರು. ತಲೆಯ ಹತ್ತಿರ ಕುತ್ತಿಗೆ ಹಿಡಿದು, ಹಿಡಿಕೆಯ ತುದಿ ನೆಲದ ಕಡೆ ಬರುವ ಹಾಗೆ. “ಬೀಸಿ. ಸುಂಯ್ ಅಂತ ಸದ್ದು ಬರಬೇಕು” ಅಂದರು. ಬೀಸಿದೆ. ಸದ್ದು ಬಂತು. “ಎಲ್ಲಿ ಬಂತು?” ಅಂತ ಕೇಳಿದರು.

ನಾನು ಅದುವರೆಗೂ ಸದ್ದು ಬಂತಾ ಇಲ್ಲವಾ ಅಂತ ಕೇಳಿಸಿಕೊಂಡಿದ್ದೆ. ಎಲ್ಲಿ ಬಂತು ಅಂತ ಯೋಚಿಸಿರಲಿಲ್ಲ. ಕಣ್ಣು ಮುಚ್ಚಿ ಮತ್ತೆ ಬೀಸಿದೆ. ಸದ್ದು ಬಂದದ್ದು ಬಲ ಹೆಗಲ ಹತ್ತಿರ. ಚೆಂಡು ಇರಬೇಕಾದ ಜಾಗಕ್ಕೆ ಬರುವಾಗ ಕೋಲು ಸಪ್ಪಗಾಗಿತ್ತು. ಸದ್ದು ಬರಬೇಕಾದದ್ದು ಚೆಂಡಿನ ಜಾಗದಲ್ಲಿ, ಇಲ್ಲವೇ ಅದಕ್ಕೂ ಒಂದು ಗೇಣು ಮುಂದೆ. ಆರು ವರ್ಷ ನನ್ನ ಶಕ್ತಿಯನ್ನೆಲ್ಲ ನನ್ನ ಬಲಗಿವಿಯ ಹತ್ತಿರದ ಗಾಳಿಗೆ ಸುರಿದಿದ್ದೆ.

ಈಗ ಕೈಗೆ ಏನೋ ಹೊಸ ಪಾಠ ಹೇಳಿಕೊಡುತ್ತಾರೆ ಅಂದುಕೊಂಡೆ. ಅವರು ನನ್ನ ಎಡಗೈ ನೋಡಿದರು. “ಎಷ್ಟು ಗೆಣ್ಣು ಕಾಣಿಸುತ್ತಿದೆ ನಿಮಗೆ?” ಬಗ್ಗಿ ನೋಡಿದೆ. ಒಂದು. ಹೆಬ್ಬೆರಳು ಶಾಫ್ಟಿನ ನಟ್ಟನಡುವೆ ನೇರ ಕೆಳಗೆ. “ಇದನ್ನು ಯಾರು ಹೇಳಿಕೊಟ್ಟರು?”

ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತದ್ದು, ಅಮೆರಿಕದ ದೊಡ್ಡ ಗಾಲ್ಫ್ ಆಟಗಾರ ಬೆನ್ ಹೋಗನ್ ಅವರ ಹಳೆಯ ಫೋಟೋಗಳನ್ನು ನೋಡಿ. ಅವರ ಕೈ ಹಾಗಿತ್ತು, ನಾನೂ ಹಾಗೆ ಹಿಡಿದೆ. ಅವರ ಕೈ ಯಾಕೆ ಹಾಗಿತ್ತು ಅಂತ ವಿಚಾರಿಸಲಿಲ್ಲ. ಹೋಗನ್ ವೃತ್ತಿಯ ಮೊದಲ ವರ್ಷಗಳಲ್ಲಿ ಹುಕ್‌ನಿಂದ ಒದ್ದಾಡಿ ಹೋದವರು. ಅದನ್ನು ಕೊಲ್ಲಲು ಗ್ರಿಪ್ಪನ್ನು ಎಡಕ್ಕೆ ತಿರುಗಿಸಿ ದುರ್ಬಲ ಮಾಡಿಕೊಂಡರು. ಅವರ ಮೊದಲ ಮೇಜರ್ (ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) 1946ರಲ್ಲಿ ಬಂತು, ಒಟ್ಟು ಒಂಬತ್ತು ಗೆದ್ದರು. ಎಡಕ್ಕೆ ಓಡುವ ಚೆಂಡಿಗೆ ಅವರು ಕಂಡುಕೊಂಡ ಔಷಧಿಯನ್ನು ಬಲಕ್ಕೆ ಓಡುವ ಚೆಂಡು ಇಟ್ಟುಕೊಂಡ ನಾನು ಕುಡಿಯುತ್ತಿದ್ದೆ. ಪಕ್ಕದ ಮನೆಯವರ ಮಾತ್ರೆ ನುಂಗಿದ ಹಾಗೆ.

ಆಮೇಲೆ ಸರಪಳಿ ಒಂದೊಂದೇ ಕೊಂಡಿಯಾಗಿ ಕಾಣಿಸತೊಡಗಿತು. ಗ್ರಿಪ್ ದುರ್ಬಲ. ಹಾಗಾಗಿ ಮೇಲೆ ಹೋದಾಗ ಎಡ ಮಣಿಕಟ್ಟು ಹಿಂದಕ್ಕೆ ಬಾಗಿ ಫೇಸ್ ತೆರೆದುಕೊಳ್ಳುತ್ತದೆ. ಫೇಸ್ ತೆರೆದಿದೆ ಅಂತ ಬುದ್ಧಿಗೆ ತಿಳಿಯದಿದ್ದರೂ ಮೈಗೆ ತಿಳಿಯುತ್ತದೆ. ಸಾವಿರ ಸ್ಲೈಸ್ ಕಂಡ ಮೈ ಅದು. ಹಾಗೇ ಬಂದರೆ ಚೆಂಡು ಬಲಕ್ಕೆ ಹೋಗುತ್ತದೆ ಅಂತ ಅದು ಕಲಿತಿದೆ. ಹಾಗಾಗಿ ಚೆಂಡಿನ ಹತ್ತಿರ ಬರುವಾಗ ಸೊಂಟವನ್ನು ನಿಲ್ಲಿಸಿ ಕೈಗಳನ್ನು ಮುಂದಕ್ಕೆ ಚಿಮ್ಮಿಸಿ ಫೇಸ್ ಮುಚ್ಚಲು ನೋಡುತ್ತದೆ. ಚಿಮ್ಮಿದ್ದು ಸರಿಯಾದ ಕ್ಷಣದಲ್ಲಾದರೆ ಚೆಂಡು ನೇರ. ಮೊದಲಾದರೆ ಹುಕ್. ತಡವಾದರೆ ಸ್ಲೈಸ್. ನನ್ನ ಕೈಗಳು ಕೆಟ್ಟವಲ್ಲ. ಪ್ರತಿ ಸ್ವಿಂಗಿನಲ್ಲೂ ನನ್ನನ್ನು ಕಾಪಾಡಲು ಕೊನೆಯ ಗಳಿಗೆಯಲ್ಲಿ ಓಡಿ ಬರುತ್ತಿದ್ದವು. ನಾನು ಮಾತ್ರ ಅವನ್ನೇ ಬೈದು, ತಿರುಗಿಸಿ, ಬಿಗಿದು, ಸಡಿಲಿಸಿ ಗೋಳು ಹೊಯ್ದುಕೊಂಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದೇ.

ಸೊಂಟ ನಿಲ್ಲುವ ವಿಷಯ ನನಗೆ ಅರ್ಥವಾಗಿದ್ದು ಬಸ್ಸಿನ ಉದಾಹರಣೆಯಿಂದ. ಓಡುವ ಬಸ್ಸಿಗೆ ಬ್ರೇಕ್ ಹಾಕಿದರೆ ನಿಂತಿರುವವರು ಮುಂದಕ್ಕೆ ಮುಗ್ಗರಿಸುತ್ತಾರೆ. ಯಾರೂ ಬೇಕಂತ ಮುಗ್ಗರಿಸುವುದಿಲ್ಲ. ಮೈ ತಿರುಗುವುದು ನಿಂತರೆ ಕೈಗಳೂ ಕ್ಲಬ್ಬೂ ಹಾಗೇ ಮುಂದಕ್ಕೆ ಹಾರುತ್ತವೆ. ಎಡ ಮಣಿಕಟ್ಟು ಕುಸಿಯುತ್ತದೆ, ಕ್ಲಬ್ ತಲೆ ಕೈಯನ್ನು ದಾಟುತ್ತದೆ. ಇದೇ ಫ್ಲಿಪ್. ಇದರಿಂದ ಲಾಫ್ಟ್ (ಫೇಸ್ ಮೇಲಕ್ಕೆ ವಾಲಿರುವ ಕೋನ) ಹೆಚ್ಚಿ ಚೆಂಡು ಮೇಲಕ್ಕೆ ಹೋಗಿ ದೂರ ಕಡಿಮೆಯಾಗುತ್ತದೆ. ಕ್ಲಬ್ ನೆಲ ಮುಟ್ಟುವ ಜಾಗ ಚೆಂಡಿಗಿಂತ ಹಿಂದಕ್ಕೆ ಬರುತ್ತದೆ. ಒಂದು ಸಲ ನೆಲಕ್ಕೆ ಬಡಿತ, ಇನ್ನೊಂದು ಸಲ ಚೆಂಡಿನ ತಲೆಗೆ ಬಡಿತ. ಚೆನ್ನಾಗಿ ಆಡುವವರ ಐರನ್ ಮೊದಲು ಚೆಂಡಿಗೆ ತಾಗಿ, ಆಮೇಲೆ ಕೆಲವು ಅಂಗುಲ ಮುಂದೆ ಹುಲ್ಲು ಕೆತ್ತುತ್ತದೆ. ನನ್ನ ಹುಲ್ಲು ಯಾವಾಗಲೂ ಚೆಂಡಿನ ಹಿಂದಿನದೇ. ಮುಗ್ಗರಿಸುವವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅಂತ ಹೇಳಿ ಏನು ಪ್ರಯೋಜನ? ಬ್ರೇಕ್ ಹಾಕಬಾರದು.

ಆದರೆ ಫೇಸ್ ತೆರೆದಿರುವ ತನಕ ಮೈ ಬ್ರೇಕ್ ಹಾಕದೇ ಬಿಡುವುದಿಲ್ಲ. ಅದಕ್ಕೇ ಗ್ರಿಪ್ ಮೊದಲು.

ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎರಡೂವರೆ ಗೆಣ್ಣು ಕಾಣುವ ಹಾಗೆ ಇಟ್ಟುಕೊಂಡೆ. ಹೆಬ್ಬೆರಳು ಶಾಫ್ಟಿನ ಬಲಬದಿಗೆ ಸರಿಯಿತು. ಹಿಡಿಕೆ ಅಂಗೈಯಿಂದ ಬೆರಳಿನ ಬುಡಕ್ಕೆ ಬಂತು. ಬರೀ ಅರ್ಧ ಅಂಗುಲದ ಬದಲಾವಣೆ. ಆದರೆ ಬೇರೆ ಯಾರದೋ ಕೈ ಜೋಡಿಸಿಕೊಂಡ ಹಾಗಿತ್ತು. ಮೊದಲ ಚೆಂಡು ಎಡಕ್ಕೆ. ಎರಡನೆಯದು ಇನ್ನೂ ಎಡಕ್ಕೆ. ಇಪ್ಪತ್ತನೆಯದು ನನ್ನ ಎಡಗಾಲಿನ ಮುಂದೆ ಹತ್ತಡಿಯಲ್ಲೇ ನೆಲಕ್ಕೆ ಬಿದ್ದು ಉರುಳಿತು. ನಗುವವರು ನಕ್ಕರು.

ಇಲ್ಲಿಯೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ ಅಂತ ನನ್ನ ಊಹೆ. ನಾನೂ ಎರಡು ಸಲ ಬಿಟ್ಟೆ. ಔಷಧಿ ಸರಿಯಾಗಿಯೇ ಇತ್ತು. ಆದರೆ ಮೈಗೆ ರೋಗ ಹೋದ ಸುದ್ದಿ ಇನ್ನೂ ತಲುಪಿರಲಿಲ್ಲ. ಫೇಸ್ ಈಗ ತೆರೆದಿಲ್ಲ, ಆದರೂ ಕೈಗಳು ಹಳೆಯ ಅಭ್ಯಾಸದಿಂದ ಕಾಪಾಡಲು ಓಡಿ ಬರುತ್ತಿದ್ದವು. ಎರಡೂ ಸೇರಿ ಫೇಸ್ ಜಾಸ್ತಿ ಮುಚ್ಚಿ ಹುಕ್. ಕೋಚ್ ಹೇಳಿದ್ದು ಇಷ್ಟೇ: “ಎಡಕ್ಕೆ ಹೋಗಲಿ. ಗ್ರಿಪ್ ಮುಟ್ಟಬೇಡಿ. ಹೊಟ್ಟೆ ತಿರುಗಿಸಿ.” ಬೆಲ್ಟಿನ ಬಕಲ್ ಚೆಂಡು ಮುಟ್ಟುವ ಹೊತ್ತಿಗೇ ಗುರಿಯ ಕಡೆ ಹೊರಟಿರಬೇಕು ಅಂತ. ಎಡಕ್ಕೆ ಹೋಗುವ ಚೆಂಡನ್ನು ನೋಡುತ್ತಾ ಇನ್ನೂ ಎಡಕ್ಕೆ ತಿರುಗಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಬೇಕಾಯಿತು. ಮೂರನೇ ಸಲ, ಐದಾರು ವಾರ ಕಳೆದ ಮೇಲೆ, ಒಂದು ಸಂಜೆ ಹುಕ್ ಮಾಯವಾಗಿ ಚೆಂಡು ನೇರ ಹೊರಟು ಕೊನೆಯಲ್ಲಿ ಚೂರು ಬಲಕ್ಕೆ ಸರಿಯಿತು. ಏನು ಬದಲಾಯಿತು ಅಂತ ಆ ಕ್ಷಣಕ್ಕೆ ನನಗೆ ಗೊತ್ತಾಗಲಿಲ್ಲ.

ಡ್ರಿಲ್‌ಗಳ ಬಗ್ಗೆ ಕೇಳುವವರು ಜಾಸ್ತಿ. ಹಾಗಾಗಿ ನನಗೆ ಕೆಲಸ ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಕಡ್ಡಿ. ಗುರಿ ನೋಡಿಕೊಳ್ಳಲು ನೆಲದ ಮೇಲೆ ಇಡುತ್ತಾರಲ್ಲ, ಆ ಅಲೈನ್‌ಮೆಂಟ್ ಸ್ಟಿಕ್. ಅದನ್ನು ಹಿಡಿಕೆಗೆ ಸೇರಿಸಿ ಹಿಡಿದುಕೊಳ್ಳಬೇಕು. ಮೇಲಿನ ಉದ್ದ ಭಾಗ ಎಡ ಪಕ್ಕೆಯ ಪಕ್ಕದಿಂದ ಹಿಂದಕ್ಕೆ ಚಾಚಿರುತ್ತದೆ. ನಿಧಾನವಾಗಿ ಅರ್ಧ ಸ್ವಿಂಗ್ ಮಾಡಿ. ಮೈ ತಿರುಗುತ್ತಾ ಹೋದರೆ ಕಡ್ಡಿ ಪಕ್ಕೆಗೆ ತಾಗುವುದಿಲ್ಲ. ಮೈ ನಿಂತು ಕೈ ಚಿಮ್ಮಿದರೆ ಪಕ್ಕೆಗೆ ಏಟು. ಇಷ್ಟು ಪ್ರಾಮಾಣಿಕ ಗುರುವನ್ನು ನಾನು ಕಂಡಿಲ್ಲ. ಯಾವ ಕೋಚ್‌ಗೂ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ತಪ್ಪು ಹೇಳಲು ಆಗುವುದಿಲ್ಲ. ಜೋರಾಗಿ ಮಾತ್ರ ಬೀಸಬೇಡಿ. ಒಂದು ವಾರ ಎಡ ಮಗ್ಗುಲಲ್ಲಿ ಮಲಗಲಾಗದೆ ನಾನು ಇದನ್ನು ಕಲಿತೆ.

ಎರಡನೆಯದು ಎರಡು ಕೈಗಳನ್ನು ಹಿಡಿಕೆಯ ಮೇಲೆ ಒಂದು ಮುಷ್ಟಿಯಷ್ಟು ದೂರ ಇಟ್ಟು ಸೊಂಟದಿಂದ ಸೊಂಟದವರೆಗೆ ಬೀಸುವುದು. ಕೈಗಳು ದೂರ ಇದ್ದಾಗ ಬಲಗೈ ಎಡಗೈಯನ್ನು ತಳ್ಳಿ ದಾಟಲು ನೋಡುವುದು ಢಾಳಾಗಿ ಗೊತ್ತಾಗುತ್ತದೆ. ಮೈ ತಿರುಗಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಚೆಂಡು ಬೇಡ. ಚೆಂಡು ಇಟ್ಟ ತಕ್ಷಣ ಬುದ್ಧಿ ಹೋಗುತ್ತದೆ.

ಮೂರನೆಯದು ಸುಮ್ನೆ ಅರ್ಧ ಸ್ವಿಂಗ್. ಎಡಗೈ ನೆಲಕ್ಕೆ ಸಮನಾಗುವ ತನಕ ಹಿಂದಕ್ಕೆ, ಬಲಗೈ ನೆಲಕ್ಕೆ ಸಮನಾಗುವ ತನಕ ಮುಂದಕ್ಕೆ. ಬೇಜಾರಿನ ಕೆಲಸ. ಎರಡು ತಿಂಗಳು ನನ್ನ ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚೆಂಡು ಇದಕ್ಕೇ ಹೋದವು. ಪಾದ ಜೋಡಿಸಿ ಹೊಡೆಯುವುದನ್ನೂ ಮಾಡಿದೆ, ಚೆನ್ನಾಗಿದೆ. ಕಂಕುಳಲ್ಲಿ ಟವೆಲ್ ಇಟ್ಟುಕೊಳ್ಳುವುದರಿಂದ ನನಗೇನೂ ಆಗಲಿಲ್ಲ. ಇಂಪ್ಯಾಕ್ಟ್ ಬ್ಯಾಗಿಗೆ ಹೊಡೆದು ಮಣಿಕಟ್ಟು ನೋಯಿಸಿಕೊಂಡೆ, ಅದರ ಮಾತು ಬೇಡ.

ಹಿಡಿತದ ಬಿಗಿಯ ಬಗ್ಗೆಯೂ ಒಂದು ಮಾತು. ಮರಿಹಕ್ಕಿಯನ್ನು ಹಿಡಿದ ಹಾಗೆ ಹಿಡಿಯಿರಿ ಅನ್ನುತ್ತಾರೆ. ಕೇಳಲು ಚೆಂದ. ಆದರೆ ಮೃದುವಾಗಿ ಹಿಡಿದು ಶುರು ಮಾಡಿ, ಮೇಲೆ ಹೋದ ತಕ್ಷಣ ಹಕ್ಕಿಯ ಕುತ್ತಿಗೆ ಹಿಸುಕುವವರೇ ಹೆಚ್ಚು. ಎಷ್ಟು ಬಿಗಿ ಅನ್ನುವುದಕ್ಕಿಂತ ಶುರುವಿನಿಂದ ಕೊನೆತನಕ ಅಷ್ಟೇ ಬಿಗಿ ಇದೆಯಾ ಅನ್ನುವುದು ಮುಖ್ಯ ಅಂತ ನನ್ನ ಅನುಭವ. ಬಿಗಿದ ಮಣಿಕಟ್ಟಿನಲ್ಲಿ ಕೀಲು ಕೆಲಸ ಮಾಡುವುದಿಲ್ಲ.

ಇನ್ನು ಟೆಂಪೋ, ಅಂದರೆ ಸ್ವಿಂಗಿನ ಲಯ. ಇಲ್ಲಿ ನನಗೆ ಕಾದಿದ್ದು ದೊಡ್ಡ ಅಚ್ಚರಿ. ಎಲ್ಲರೂ ನನಗೆ “ನಿಧಾನ, ನಿಧಾನ” ಅಂತ ಹೇಳಿದ್ದರು. ನಾನು ನಿಧಾನ ಮಾಡಿ ಮಾಡಿ ಬ್ಯಾಕ್‌ಸ್ವಿಂಗ್ 270 ಚಿತ್ರಕ್ಕೆ ಬಂದಿತ್ತು. ಒಂದು ಸೆಕೆಂಡಿಗೂ ಜಾಸ್ತಿ. ಡೌನ್‌ಸ್ವಿಂಗ್ 75. ವೃತ್ತಿಪರರನ್ನು ಅಳೆದವರು ಕಂಡುಕೊಂಡದ್ದು ಹೆಚ್ಚುಕಡಿಮೆ ಮೂರಕ್ಕೆ ಒಂದು ಅನ್ನುವ ಲೆಕ್ಕ. ಮೇಲಕ್ಕೆ ಹೋಗಲು ಮೂರು ಪಾಲು, ಇಳಿಯಲು ಒಂದು ಪಾಲು. ನನ್ನದು ಮೂರೂವರೆಗೂ ಜಾಸ್ತಿ. ಅಷ್ಟು ನಿಧಾನ ಹೋಗಿ ಮೇಲೆ ನಿಂತರೆ ವೇಗವನ್ನೆಲ್ಲ ಶೂನ್ಯದಿಂದ ಹುಟ್ಟಿಸಬೇಕು. ಹುಟ್ಟಿಸುವ ಅವಸರದಲ್ಲಿ ಮೊದಲು ಓಡುವುದು ಕೈ. ಸೊಂಟ ಆಮೇಲೆ ಏಳುತ್ತದೆ. ಸರಿಯಾದ ಸ್ವಿಂಗಿನಲ್ಲಿ ಸೊಂಟ, ಎದೆ, ತೋಳು, ಕ್ಲಬ್ ಈ ಸರದಿಯಲ್ಲಿ ವೇಗ ಏರುತ್ತದೆ. ಒಂದು ಇಳಿಯುತ್ತಿದ್ದಂತೆ ಇನ್ನೊಂದಕ್ಕೆ ದಾಟುತ್ತದೆ. ನಾನು ಟೈಮಿಂಗ್ ಅಂದರೆ ಚೆಂಡಿನ ಹತ್ತಿರ ಹಿಡಿಯಬೇಕಾದ ಒಂದು ಕ್ಷಣ ಅಂದುಕೊಂಡಿದ್ದೆ. ಅದು ಸರದಿ. ಸರದಿ ಕೆಡುವುದು ಮೇಲೆ, ತಿರುವಿನಲ್ಲಿ. ಚೆಂಡಿನ ಹತ್ತಿರ ಬರೀ ಬಿಲ್ ಬರುತ್ತದೆ.

ಬ್ಯಾಕ್‌ಸ್ವಿಂಗ್ ಚುರುಕು ಮಾಡಿದೆ. ಫೋನಿನಲ್ಲಿ ಮೆಟ್ರೋನಮ್ ಹಾಕಿ ‘ಒಂದು, ಎರಡು, ಮೂರು’ ಅಂತ ಮೇಲಕ್ಕೆ, ‘ನಾಲ್ಕು’ ಅಂದಾಗ ಚೆಂಡು. ಮೊದಲ ದಿನ ಹುಚ್ಚು ಓಟ ಅನ್ನಿಸಿತು. ಎಣಿಸಿದರೆ 210ಕ್ಕೆ 68. ಚೆಂಡು ಹಿಂದೆಂದೂ ಅಷ್ಟು ಹಗುರವಾಗಿ ಹೊರಟಿರಲಿಲ್ಲ. ಎರ್ನಿ ಎಲ್ಸ್ ಸ್ವಿಂಗ್ ನೋಡಿದರೆ ನಿದ್ದೆ ಬರುವಷ್ಟು ನಿಧಾನ, ನಿಕ್ ಪ್ರೈಸ್ ಸ್ವಿಂಗ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒಬ್ಬರು ನಾಲ್ಕು ಮೇಜರ್ ಗೆದ್ದರು, ಇನ್ನೊಬ್ಬರು ಮೂರು. ಎಲ್ಲರಿಗೂ ಒಂದೇ ವೇಗ ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಒಂದೇ ರಿಲೀಸ್ ಅನ್ನುವುದಕ್ಕೂ ಇಲ್ಲ. ಡಸ್ಟಿನ್ ಜಾನ್ಸನ್ ಮೇಲೆ ಹೋದಾಗ ಎಡ ಮಣಿಕಟ್ಟನ್ನು ಮುಂದಕ್ಕೆ ಬಗ್ಗಿಸುತ್ತಾರೆ. ಫೇಸ್ ಆಗಲೇ ಮುಚ್ಚಿರುತ್ತದೆ. ಆಮೇಲೆ ಮೈಯನ್ನು ಜೋರಾಗಿ ತಿರುಗಿಸಿದರೆ ಸಾಕು, ಕೈಗೆ ಕೆಲಸವೇ ಕಡಿಮೆ. ಜಿಮ್ ಫ್ಯೂರಿಕ್ ಕ್ಲಬ್ಬನ್ನು ಎಲ್ಲೋ ಮೇಲಕ್ಕೆ ಒಯ್ದು, ಗಾಳಿಯಲ್ಲಿ ಒಂದು ಸುತ್ತು ಹಾಕಿಸಿ ಕೆಳಗೆ ತರುತ್ತಾರೆ. ಯಾವ ಕೋಚ್ ಕೂಡ ಅದನ್ನು ಹೇಳಿಕೊಡಲಾರರು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದ ಮೊದಲಿಗರು ಅವರೇ, 2016ರಲ್ಲಿ. ಅವರ ಒಂದು ತುಂಡನ್ನು ಕಿತ್ತು ನನ್ನ ಸ್ವಿಂಗಿಗೆ ಅಂಟಿಸಿದರೆ ಏನಾಗುತ್ತದೆ ಅಂತ ಹೋಗನ್ ಫೋಟೋ ಪ್ರಸಂಗದಲ್ಲೇ ಕಲಿತಾಗಿದೆ.

ಈಗ ಸ್ವಿಂಗ್ ಸರಿಹೋಯಿತಾ ಅಂತ ಕೇಳಿದರೆ, ರೇಂಜಿನಲ್ಲಿ ಸುಮಾರಾಗಿ ಹೌದು. ಕೋರ್ಸಿನಲ್ಲಿ ಅಷ್ಟಿಲ್ಲ. ನೀರು ಕಂಡರೆ, ಹಿಂದೆ ಯಾರಾದರೂ ಕಾಯುತ್ತಿದ್ದರೆ ಹಳೆಯ ಬ್ರೇಕ್ ಬೀಳುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಈಗ ಚೆಂಡು ಹೋದರೆ ಬಹುತೇಕ ಬಲಕ್ಕೇ ಹೋಗುತ್ತದೆ, ಸ್ವಲ್ಪ ಮಾತ್ರ. ಎಡಕ್ಕೆ ಗುರಿ ಇಟ್ಟುಕೊಳ್ಳುತ್ತೇನೆ. ಮೊದಲ ಗುಂಪಿನ ದುಃಖಿಗಳ ಜೊತೆ ಸೇರಿಕೊಂಡಿದ್ದೇನೆ. ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ.

ಮೊನ್ನೆ ಸಂಜೆ ಐವತ್ತು ಚೆಂಡಿನ ಬುಟ್ಟಿ ಹಿಡಿದು ನಿಂತಿದ್ದೆ. ಮೂವತ್ತೆಂಟು ಹೊಡೆಯುವ ತನಕ ಎಡಗಡೆ ಒಂದೂ ಹೋಗಲಿಲ್ಲ. ಪಕ್ಕದಲ್ಲಿ ಒಬ್ಬರು ಬಂದು ನಿಂತು ನೋಡತೊಡಗಿದರು. ಮೂವತ್ತೊಂಬತ್ತನೆಯದನ್ನು ಸ್ವಲ್ಪ ತೋರಿಸಿಕೊಳ್ಳೋಣ ಅಂತ ಜೋರಾಗಿ ಬೀಸಿದೆ. ನೇರ ಎಡಕ್ಕೆ, ನೆಲ ಕಚ್ಚಿಕೊಂಡು. ಸದ್ದು ಬಲಗಿವಿಯ ಹತ್ತಿರವೇ ಬಂದಿತ್ತು, ಚೆನ್ನಾಗಿ ಕೇಳಿಸಿತು. ಅವರು ಏನೂ ಮಾತಾಡದೆ ತಮ್ಮ ಜಾಗಕ್ಕೆ ಹೋದರು. ಬುಟ್ಟಿಯಲ್ಲಿ ಇನ್ನೂ ಹನ್ನೊಂದು ಚೆಂಡು ಇದ್ದವು. ಅವನ್ನು ಅಲ್ಲೇ ಬಿಟ್ಟು ಬ್ಯಾಗಿನಿಂದ ಕಡ್ಡಿ ತೆಗೆದೆ.